ಓಡಾಡುವ ಭ್ರೂಣ, ಕಾಯುವ ಕವಚ: ಕುದುರೆಯ ಗರ್ಭದ ಮೊದಲ ಮೂರು ವಾರ

ದಿಲ್‌ಸುಖ್‌ನಗರದಲ್ಲಿ ಮಿಯಾಪುರದ ಕಡೆ ಹೋಗುವ ಮೆಟ್ರೋ ಹತ್ತಿದರೆ ಮೂಸಾರಾಂಬಾಗ್, ನ್ಯೂ ಮಾರ್ಕೆಟ್, ಆಮೇಲೆ ಮಲಕ್‌ಪೇಟ್. ಮೂರೇ ಸ್ಟೇಷನ್ ದೂರದಲ್ಲಿ ಹೈದರಾಬಾದಿನ ರೇಸ್ ಕೋರ್ಸ್ ಇದೆ. ಆರನೇ ನಿಜಾಮ್ ಮೀರ್ ಮಹಬೂಬ್ ಅಲಿ ಖಾನರ ಕಾಲದಲ್ಲಿ, 1886ರಲ್ಲಿ, ಕುದುರೆ ಪಂದ್ಯ ಮೌಲಾಲಿಯಿಂದ ಇಲ್ಲಿಗೆ ಬಂತು. ಇತ್ತ ದಿಲ್‌ಸುಖ್‌ನಗರ ಅಂದರೆ ಕೋಚಿಂಗ್ ಸೆಂಟರ್‌ಗಳು, ಹಾಸ್ಟೆಲ್‌ಗಳು, ಹೆಗಲಿಗೆ ಬ್ಯಾಗ್ ಹಾಕಿಕೊಂಡು ಓಡಾಡುವ ವಿದ್ಯಾರ್ಥಿಗಳು. ಜೂಜಿನ ಮಾತು ನಮಗೆ ಬೇಡ. ಆದರೆ ಅಲ್ಲಿ ಓಡುವ ಕುದುರೆಯ ಬಗ್ಗೆ ಒಂದು ಪ್ರಶ್ನೆ ಕೇಳೋಣ.

ನೀವು ಜೀವಶಾಸ್ತ್ರ ಓದಿದ್ದರೆ ಮನುಷ್ಯನ ಭ್ರೂಣದ ಪಾಠ ನಿಮಗೆ ಬಾಯಿಪಾಠ ಆಗಿರುತ್ತೆ. ಗರ್ಭಧಾರಣೆಯಾಗಿ ಸುಮಾರು ಒಂದು ವಾರಕ್ಕೆ ಭ್ರೂಣ ತನ್ನ ಹೊರಪೊರೆಯಿಂದ ಹೊರಬಂದು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ, ಅಲ್ಲೇ ಬೇರು ಬಿಡುತ್ತದೆ. ಹಾಗಾದರೆ ಕುದುರೆಯಲ್ಲೂ ಹೀಗೇ ಇರಬೇಕು ಅಲ್ವಾ?

ಇಲ್ಲ. ಒಂದು ವಾರಕ್ಕೆ ಕುದುರೆಯ ಭ್ರೂಣ ಗರ್ಭಕೋಶದ ಬಾಗಿಲಿಗೆ ಈಗಷ್ಟೇ ಬಂದು ನಿಂತಿರುತ್ತದೆ. ಎರಡು ವಾರ ಆದರೂ ಎಲ್ಲಿಗೂ ಅಂಟುವುದಿಲ್ಲ. ಬದಲಿಗೆ ಗರ್ಭಕೋಶದ ಈ ತುದಿಯಿಂದ ಆ ತುದಿಗೆ ತಿರುಗುತ್ತಾ ಇರುತ್ತದೆ. 16ನೇ ದಿನದ ಹೊತ್ತಿಗೆ ಒಂದು ಕಡೆ ನಿಲ್ಲುತ್ತದೆ, ಅಷ್ಟೆ. ತಾಯಿಯ ಗೋಡೆಯೊಂದಿಗೆ ಗಟ್ಟಿ ಸಂಬಂಧ ಶುರುವಾಗುವುದು ಐದಾರು ವಾರದ ನಂತರ. ಹುಟ್ಟುವ ಮೊದಲೇ ಓಡಲು ಕಲಿತ ಪ್ರಾಣಿ ಇದು.

ಅಷ್ಟು ದಿನ ಅಂಟದೆ, ಬೇರಿಲ್ಲದೆ, ಹಿಂಡುವ ಸ್ನಾಯುಗಳ ನಡುವೆ ಆ ಪುಟ್ಟ ಜೀವ ಒಡೆಯದೆ ಉಳಿಯುವುದು ಹೇಗೆ? ಅದಕ್ಕೆ ಒಂದು ಹೊದಿಕೆ ಇದೆ. ಕುದುರೆಗೆ ವಿಶೇಷವಾದ ಈ ಹೊದಿಕೆಯ ಕಥೆಯೇ ಈ ಲೇಖನ. ಕಥೆ ಕೇಳುವ ಮೊದಲು, ಅದು ನಮಗೇಕೆ ಬೇಕು ಅನ್ನುವುದನ್ನು ಹೇಳಿಬಿಡುತ್ತೇನೆ.

ಒಂದು ಮರಿಯ ಬೆಲೆ

ಕುದುರೆಯ ಗರ್ಭ ಸುಮಾರು 11 ತಿಂಗಳದ್ದು. ಒಂದು ಸಲಕ್ಕೆ ಒಂದೇ ಮರಿ. ಹಸುವಿಗೆ ಇಂಜೆಕ್ಷನ್ ಕೊಟ್ಟು ಒಂದೇ ಸಲಕ್ಕೆ ಹತ್ತಾರು ಅಂಡಾಣು ಬಿಡುಗಡೆ ಮಾಡಿಸಬಹುದು. ಕುದುರೆ ಆ ಔಷಧಿಗೆ ಹಾಗೆ ಒಗ್ಗುವುದಿಲ್ಲ. ಬೆದೆ ಕೂಡ ವರ್ಷವಿಡೀ ಸಮವಾಗಿರುವುದಿಲ್ಲ, ಹಗಲು ಉದ್ದ ಇರುವ ತಿಂಗಳುಗಳಲ್ಲೇ ಹೆಚ್ಚು. ಆದ್ದರಿಂದ ಮೊದಲ ತಿಂಗಳಲ್ಲಿ ಗರ್ಭ ಹೋಯಿತು ಅಂದರೆ, ಎಷ್ಟೋ ಸಲ ಇಡೀ ವರ್ಷವೇ ಹೋದಂತೆ.

ದಖ್ಖನಿನ ಜನಕ್ಕೆ ಇದು ಹೊಸ ಸಂಗತಿಯಲ್ಲ. ಬಹಮನಿಗಳೂ ವಿಜಯನಗರದವರೂ ಅರಬ್ ಮತ್ತು ಪರ್ಷಿಯಾದ ಕುದುರೆಗಳನ್ನು ಸಮುದ್ರದ ಮೇಲೆ ತರಿಸಿಕೊಳ್ಳುತ್ತಿದ್ದರು. ಭಟ್ಕಳ ಅಂಥ ಕುದುರೆ ಇಳಿಯುವ ಬಂದರಾಗಿತ್ತು. 15ನೇ ಶತಮಾನದಲ್ಲಿ ಬೀದರ್‌ಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಕೂಡ ಮಾರಾಟಕ್ಕೆ ಅಂತ ತಂದದ್ದು ಒಂದು ಗಂಡು ಕುದುರೆಯನ್ನೇ. ಶಾಲಿಹೋತ್ರನ ಹೆಸರಿನ ಸಂಸ್ಕೃತ ಅಶ್ವಶಾಸ್ತ್ರ ಬಹಮನಿ ಕಾಲದಲ್ಲಿ ಪರ್ಷಿಯನ್ ಭಾಷೆಗೆ ಬಂತು. ಉರ್ದುವಿನಲ್ಲಿ ಕುದುರೆ ವೈದ್ಯನಿಗೆ ‘ಸಲೋತ್ರಿ’ ಅನ್ನುವ ಹೆಸರು ಬಂದದ್ದು ಅದೇ ಶಾಲಿಹೋತ್ರನಿಂದ. ಅರಬ್ಬಿಯ ‘ಬೈತಾರ್’, ಅಂದರೆ ಪಶುವೈದ್ಯ, ಅನ್ನುವ ಪದ ಕುದುರೆ ವೈದ್ಯನ ಗ್ರೀಕ್ ಹೆಸರಿನಿಂದ ಬಂದದ್ದು. ಮುಂದೆ ಹೈದರ್ ಅಲಿ, ಟಿಪ್ಪು ಸುಲ್ತಾನರ ಕಾಲದಿಂದ ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಸಾಕಣೆಗೆ ಹೆಸರಾಯಿತು.

ಈ ಸಲೋತ್ರಿಗಳಿಗೆ ಗೊರಸು ಗೊತ್ತಿತ್ತು, ಹಲ್ಲು ಗೊತ್ತಿತ್ತು, ಹೊಟ್ಟೆನೋವು ಗೊತ್ತಿತ್ತು. ಆದರೆ ಮೊದಲ ಮೂರು ವಾರ ಗರ್ಭದೊಳಗೆ ಏನು ನಡೆಯುತ್ತದೆ ಎಂದು ನೋಡುವ ದಾರಿ ಯಾರಿಗೂ ಇರಲಿಲ್ಲ. ಹೆಣ್ಣು ಕುದುರೆ ಗಂಡನ್ನು ಹತ್ತಿರ ಬಿಟ್ಟುಕೊಳ್ಳದಿದ್ದರೆ ಗಬ್ಬ ನಿಂತಿದೆ ಅಂತ ಲೆಕ್ಕ, ಬಿಟ್ಟುಕೊಂಡರೆ ಇಲ್ಲ ಅಂತ ಲೆಕ್ಕ. ನಡುವೆ ಭ್ರೂಣ ಬಂದು ಹೋದದ್ದು ಮಾಲೀಕನಿಗೆ ತಿಳಿಯುತ್ತಲೇ ಇರಲಿಲ್ಲ.

ಇವತ್ತು ನಮ್ಮ ದೇಶದ ಕುದುರೆಗಳ ಲೆಕ್ಕ ನೋಡಿ. 2019ರ ಜಾನುವಾರು ಗಣತಿಯಲ್ಲಿ ಕುದುರೆ ಮತ್ತು ತಟ್ಟುಗಳು ಸೇರಿ ಸುಮಾರು 3.4 ಲಕ್ಷ. 2012ರ ಗಣತಿಗೆ ಹೋಲಿಸಿದರೆ ಶೇ. 45ಕ್ಕೂ ಹೆಚ್ಚು ಇಳಿಕೆ. ಕತ್ತೆಗಳು ಶೇ. 61ರಷ್ಟು ಕಡಿಮೆಯಾಗಿ 1.2 ಲಕ್ಷಕ್ಕೆ ಬಂದಿವೆ. ತಳಿಯೇ ಕರಗುತ್ತಿರುವಾಗ ಒಂದೊಂದು ಭ್ರೂಣಕ್ಕೂ ಲೆಕ್ಕ ಇಡಬೇಕಾಗುತ್ತದೆ. ಲೆಕ್ಕ ಇಡಬೇಕಾದರೆ ಆ ಹೊದಿಕೆ ಏನು ಮಾಡುತ್ತದೆ ಎಂದು ಗೊತ್ತಿರಬೇಕು.

ಮೊದಲ ಹೊದಿಕೆ: ಹುಟ್ಟಿನಿಂದ ಬಂದದ್ದು

ಇಲ್ಲಿ ದಿನಗಳನ್ನು ಅಂಡಾಣು ಬಿಡುಗಡೆಯಾದ ದಿನದಿಂದ ಎಣಿಸೋಣ. ಪಶುವೈದ್ಯರೂ ಹಾಗೇ ಎಣಿಸುತ್ತಾರೆ.

ಅಂಡಾಶಯದಿಂದ ಹೊರಬರುವಾಗಲೇ ಅಂಡಾಣುವಿನ ಸುತ್ತ ಒಂದು ಪಾರದರ್ಶಕ ಪೊರೆ ಇರುತ್ತದೆ. ಇದಕ್ಕೆ ಝೋನಾ ಪೆಲ್ಲುಸಿಡಾ ಅಂತ ಹೆಸರು. ಮನುಷ್ಯ, ಹಸು, ಮೇಕೆ, ಕುದುರೆ ಎಲ್ಲದರಲ್ಲೂ ಇದು ಉಂಟು. ಇದು ಸಕ್ಕರೆ ಅಂಶ ಸೇರಿದ ಪ್ರೋಟೀನ್‌ಗಳಿಂದ ಆದದ್ದು. ಒಂದು ವೀರ್ಯಾಣು ಒಳಗೆ ಹೋದ ಮೇಲೆ ಉಳಿದವುಗಳಿಗೆ ಬಾಗಿಲು ಮುಚ್ಚುವುದು, ವಿಭಜನೆಯಾಗುತ್ತಿರುವ ಕೋಶಗಳು ಚದುರದಂತೆ ಒಟ್ಟಿಗೆ ಹಿಡಿದಿಡುವುದು, ಇವು ಇದರ ಕೆಲಸ.

ಗರ್ಭಧಾರಣೆ ಆಗುವುದು ಅಂಡನಾಳದಲ್ಲಿ. ಇಲ್ಲಿಂದಲೇ ಕುದುರೆ ಬೇರೆ ದಾರಿ ಹಿಡಿಯುತ್ತದೆ. ಮನುಷ್ಯನ ಭ್ರೂಣ ಮೂರು ನಾಲ್ಕು ದಿನಕ್ಕೆ ಗರ್ಭಕೋಶ ಸೇರಿದರೆ, ಕುದುರೆಯ ಭ್ರೂಣ ಆರನೇ ದಿನದವರೆಗೆ ಅಂಡನಾಳದಲ್ಲೇ ಇರುತ್ತದೆ. ಇನ್ನೂ ವಿಚಿತ್ರ ಏನೆಂದರೆ, ಫಲವಾಗದ ಅಂಡಾಣುವನ್ನು ಅಂಡನಾಳ ಕೆಳಗೆ ಬಿಡುವುದೇ ಇಲ್ಲ. ಅದು ಅಲ್ಲೇ ಸಿಕ್ಕಿಕೊಂಡು ತಿಂಗಳುಗಟ್ಟಲೆ ಇದ್ದು ನಿಧಾನವಾಗಿ ಹಾಳಾಗುತ್ತದೆ. ಜೀವಂತ ಭ್ರೂಣಕ್ಕೆ ಮಾತ್ರ ದಾರಿ.

ಅಂಡನಾಳಕ್ಕೆ ಯಾವುದು ಭ್ರೂಣ, ಯಾವುದು ಬರೀ ಅಂಡಾಣು ಅಂತ ಹೇಗೆ ಗೊತ್ತಾಗುತ್ತೆ? ಭ್ರೂಣವೇ ಹೇಳುತ್ತದೆ. ಐದನೇ ದಿನದ ಹೊತ್ತಿಗೆ ಅದು ಪ್ರೋಸ್ಟಾಗ್ಲಾಂಡಿನ್ ಇ2 ಅನ್ನುವ ರಾಸಾಯನಿಕವನ್ನು ಸ್ರವಿಸಲು ತೊಡಗುತ್ತದೆ. ಅದರಿಂದ ಅಂಡನಾಳದ ಸ್ನಾಯು ಸಡಿಲವಾಗಿ ದಾರಿ ಬಿಡುತ್ತದೆ. ಬಾಗಿಲು ತಟ್ಟಿ, ತೆರೆಸಿಕೊಂಡು ಒಳಗೆ ಬರುವ ಅತಿಥಿ ಅನ್ನಿ.

ಎರಡನೇ ಹೊದಿಕೆ: ತಾನೇ ನೇಯ್ದುಕೊಂಡದ್ದು

ಆರನೇ ದಿನ ದಾಟಿ ಗರ್ಭಕೋಶಕ್ಕೆ ಬಂದ ಭ್ರೂಣದ ಅಗಲ ಒಂದು ಮಿಲಿಮೀಟರ್‌ನ ಐದನೇ ಒಂದು ಭಾಗದಷ್ಟು. ಕಣ್ಣಿಗೆ ಒಂದು ಚುಕ್ಕೆ ಕಂಡರೆ ಹೆಚ್ಚು. ಈ ಹೊತ್ತಿಗೆ ಅದು ಬ್ಲಾಸ್ಟೋಸಿಸ್ಟ್ ಆಗುತ್ತಿರುತ್ತದೆ, ಅಂದರೆ ಒಳಗೆ ನೀರು ತುಂಬಿದ ಕೋಶಗಳ ಚೆಂಡು. ಹೊರಗೆ ಇನ್ನೂ ಝೋನಾ ಇದೆ. ಈಗ ಭ್ರೂಣದ ಹೊರಪದರದ ಕೋಶಗಳು, ಅಂದರೆ ಟ್ರೋಫೋಬ್ಲಾಸ್ಟ್ ಕೋಶಗಳು, ಝೋನಾದ ಒಳಮಗ್ಗುಲಲ್ಲಿ ಇನ್ನೊಂದು ಪದರವನ್ನು ಸ್ರವಿಸಲು ಆರಂಭಿಸುತ್ತವೆ. ಇದೇ ಭ್ರೂಣಕವಚ. ವಿಜ್ಞಾನಿಗಳು ಇದಕ್ಕೆ ಕ್ಯಾಪ್ಸೂಲ್ ಅನ್ನುತ್ತಾರೆ.

ಒಂದೆರಡು ದಿನದಲ್ಲಿ ಮೇಲಿನ ಝೋನಾ ತೆಳ್ಳಗಾಗಿ ಕಳಚಿ ಬೀಳುತ್ತದೆ. ಮನುಷ್ಯನಲ್ಲಾದರೆ ಭ್ರೂಣ ಝೋನಾವನ್ನು ಸೀಳಿಕೊಂಡು ಬರಿಮೈಯಲ್ಲಿ ಹೊರಬರುತ್ತದೆ, ತಕ್ಷಣ ಗೋಡೆ ಹಿಡಿಯುತ್ತದೆ. ಕುದುರೆಯ ಭ್ರೂಣ ಬರಿಮೈಯಲ್ಲಿ ಬರುವುದೇ ಇಲ್ಲ. ಹಳೆಯ ಅಂಗಿ ಕಳಚುವ ಮೊದಲೇ ಒಳಗೆ ಹೊಸ ಅಂಗಿ ತೊಟ್ಟಿರುತ್ತದೆ.

ಈ ಕವಚ ಹೇಗಿರುತ್ತದೆ? ರಂಜಾನಿನ ಫಾಲೂದಾದಲ್ಲಿ ನೆನೆಸಿದ ಸಬ್ಜಾ ಬೀಜ ನೋಡಿರುತ್ತೀರಿ. ನಡುವೆ ಬೀಜ, ಸುತ್ತ ಗಾಜಿನಂಥ ಜಾರುವ ಪದರ. ಮೇಲ್ನೋಟಕ್ಕೆ ಸುಮಾರು ಹಾಗೇ. ಆದರೆ ಎರಡು ವ್ಯತ್ಯಾಸ ನೆನಪಿಡಿ. ಸಬ್ಜಾದ ಲೋಳೆ ಬೀಜದ ಮೇಲೆ ದಪ್ಪವಾಗಿ ಕೂರುತ್ತದೆ. ಭ್ರೂಣದ ಕವಚ ಕೆಲವೇ ಮೈಕ್ರಾನ್ ದಪ್ಪ, ತಲೆಕೂದಲಿಗಿಂತ ಎಷ್ಟೋ ತೆಳು. ಸಬ್ಜಾ ಬೆರಳಲ್ಲಿ ಹಿಸುಕಿದರೆ ಹೋಗುತ್ತದೆ. ಈ ಕವಚ ತೆಳುವಾಗಿದ್ದರೂ ಬಿಗಿಯಾದದ್ದು, ಹಿಗ್ಗುವಂಥದ್ದು. ಒತ್ತಿದರೆ ಬಾಗಿ ಮತ್ತೆ ಗುಂಡಗಾಗುತ್ತದೆ.

ಇದರ ಮುಖ್ಯ ವಸ್ತು ಮ್ಯೂಸಿನ್ ಜಾತಿಯ ಗ್ಲೈಕೋಪ್ರೋಟೀನ್. ನಮ್ಮ ಜೊಲ್ಲು, ಮೂಗಿನ ಲೋಳೆ, ಕರುಳಿನ ಒಳಗಿನ ಜಾರು ಪದರ, ಇವೆಲ್ಲ ಮ್ಯೂಸಿನ್‌ನಿಂದಲೇ ಆದವು. ಒಂದು ಪ್ರೋಟೀನ್ ದಾರಕ್ಕೆ ಸಕ್ಕರೆಯ ಕುಚ್ಚುಗಳು ಒತ್ತಾಗಿ ಜೋಡಣೆಯಾದರೆ ಮ್ಯೂಸಿನ್. ಕುಚ್ಚಿನ ತುದಿಯಲ್ಲಿ ಸಿಯಾಲಿಕ್ ಆಮ್ಲ ಅನ್ನುವ ಸಕ್ಕರೆ ಇರುತ್ತದೆ. ಇದಕ್ಕೆ ಋಣ ವಿದ್ಯುದಂಶ ಇರುವುದರಿಂದ ಮೇಲ್ಮೈ ಯಾವುದಕ್ಕೂ ಸುಲಭವಾಗಿ ಅಂಟಿಕೊಳ್ಳುವುದಿಲ್ಲ. ಈ ಸಿಯಾಲಿಕ್ ಆಮ್ಲವನ್ನು ಮರೆಯಬೇಡಿ, ಮುಂದೆ ಇದರ ಕೆಲಸ ಇದೆ.

ಕುದುರೆಯ ಭ್ರೂಣಕ್ಕೆ ಇಂಥದ್ದೊಂದು ಹೊದಿಕೆ ಇದೆ ಎಂದು 19ನೇ ಶತಮಾನದ ಕೊನೆಯಲ್ಲೇ ಗಮನಕ್ಕೆ ಬಂದಿತ್ತು. ಕೆನಡಾದ ಕೀತ್ ಬೆಟರಿಡ್ಜ್ ಮತ್ತು ಸಂಗಡಿಗರು 1982ರಲ್ಲಿ ಮೊದಲ 22 ದಿನದ ಭ್ರೂಣಗಳನ್ನು ತಾಜಾ ಸ್ಥಿತಿಯಲ್ಲೇ ನೋಡಿ, ದಿನ ದಿನಕ್ಕೆ ಏನಾಗುತ್ತದೆ ಅಂತ ಬರೆದಿಟ್ಟರು. ಆಮೇಲೆ ಇದರ ರಸಾಯನವನ್ನೂ ಅವರ ಗುಂಪು ಬಿಡಿಸಿತು.

ಇಡೀ ಮನೆ ತಿರುಗುವ ಭ್ರೂಣ

ಕುದುರೆಯ ಗರ್ಭಕೋಶವನ್ನು ಒಂದು ದೊಡ್ಡ ‘ವೈ’ ಅಕ್ಷರದ ಹಾಗೆ ಊಹಿಸಿಕೊಳ್ಳಿ. ಕೆಳಗೆ ದೇಹ, ಮೇಲೆ ಎರಡು ಕೊಂಬು. 1980ರ ದಶಕದಲ್ಲಿ ಪಶುವೈದ್ಯರ ಕೈಗೆ ಅಲ್ಟ್ರಾಸೌಂಡ್ ಬಂದಾಗ ಅಮೆರಿಕದ ವಿಸ್ಕಾನ್ಸಿನ್‌ನ ಒ. ಜೆ. ಗಿಂಥರ್ ಅವರು ಹೆಣ್ಣು ಕುದುರೆಗಳ ಗರ್ಭಕೋಶವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ನೋಡಿದರು. ಈಗ ಎಡ ಕೊಂಬಿನಲ್ಲಿ ಕಂಡ ಭ್ರೂಣ ಸ್ವಲ್ಪ ಹೊತ್ತಿಗೆ ದೇಹದಲ್ಲಿ, ಇನ್ನೊಂದು ಸಲ ನೋಡಿದರೆ ಬಲ ಕೊಂಬಿನಲ್ಲಿ! ಹತ್ತನೇ ದಿನದ ಆಸುಪಾಸಿನಿಂದ 16ನೇ ದಿನದವರೆಗೆ ಈ ಸಂಚಾರ ನಡೆಯುತ್ತದೆ. ಜೋರಾಗಿರುವುದು 11ರಿಂದ 15ನೇ ದಿನದವರೆಗೆ. ದಿನಕ್ಕೆ ಹತ್ತಕ್ಕೂ ಹೆಚ್ಚು ಬಾರಿ ಅದು ಗರ್ಭಕೋಶದ ಈ ಕಡೆಯಿಂದ ಆ ಕಡೆಗೆ ಹೋಗಿ ಬರುತ್ತದೆ.

ಭ್ರೂಣಕ್ಕೆ ಕೈಕಾಲಿಲ್ಲ, ಈಜುವ ಬಾಲ ಇಲ್ಲ. ಗರ್ಭಕೋಶದ ಸ್ನಾಯುಗಳು ಹಿಂಡಿ ಹಿಂಡಿ ಅದನ್ನು ತಳ್ಳುತ್ತವೆ. ಈ ತಳ್ಳಾಟ ತಾಳಬೇಕಾದರೆ ಎರಡು ಗುಣ ಬೇಕು: ಗುಂಡಗಿರಬೇಕು, ಜಾರಬೇಕು. ಎರಡನ್ನೂ ಕೊಡುವುದು ಕವಚ. ಹಸುವಿನ ಭ್ರೂಣ ಇದೇ ವಯಸ್ಸಿಗೆ ದಾರದ ಹಾಗೆ ಉದ್ದವಾಗುತ್ತದೆ. ಹಂದಿಯದ್ದಂತೂ ಇನ್ನೂ ಉದ್ದ. ಕುದುರೆಯದ್ದು ಮಾತ್ರ ಗೋಲಿಯ ಹಾಗೆ ದುಂಡಗೇ ಉಳಿದು ಬೆಳೆಯುತ್ತದೆ. 16ನೇ ದಿನಕ್ಕೆ ಅದರ ಅಗಲ ಎರಡು ಸೆಂಟಿಮೀಟರ್ ದಾಟುತ್ತದೆ. ಹತ್ತು ದಿನದಲ್ಲಿ ಅಗಲ ಸುಮಾರು ನೂರು ಪಟ್ಟು. ಒಳಗಿನ ಕೋಶಗಳು ಹೊಸ ವಸ್ತು ಸ್ರವಿಸುತ್ತಾ ಇರುವುದರಿಂದ ಕವಚವೂ ಜೊತೆಗೇ ಬೆಳೆಯುತ್ತದೆ.

ಇಷ್ಟೆಲ್ಲ ಓಡಾಟ ಏತಕ್ಕೆ? ಸುಮ್ಮನೆ ಅಲ್ಲ. ಬೆದೆಯ ಚಕ್ರ ಸುಮಾರು 21 ದಿನದ್ದು. ಅಂಡಾಣು ಬಿಟ್ಟ ಜಾಗದಲ್ಲಿ ಬೆಳೆಯುವ ಕಾರ್ಪಸ್ ಲೂಟಿಯಂ ಅನ್ನುವ ಗಂಟು ಪ್ರೊಜೆಸ್ಟೆರಾನ್ ಹಾರ್ಮೋನನ್ನು ಕೊಡುತ್ತಾ ಗರ್ಭಕೋಶವನ್ನು ಸಿದ್ಧವಾಗಿ ಇಟ್ಟಿರುತ್ತದೆ. ಭ್ರೂಣ ಇಲ್ಲದಿದ್ದರೆ 14-15ನೇ ದಿನದ ಹೊತ್ತಿಗೆ ಗರ್ಭಕೋಶದ ಗೋಡೆ ಪ್ರೋಸ್ಟಾಗ್ಲಾಂಡಿನ್ ಎಫ್2 ಆಲ್ಫಾ ಬಿಡುಗಡೆ ಮಾಡಿ ಆ ಗಂಟನ್ನು ಕರಗಿಸುತ್ತದೆ, ಮತ್ತೆ ಬೆದೆ ಬರುತ್ತದೆ. ಅಂದರೆ 14ನೇ ದಿನದೊಳಗೆ ಭ್ರೂಣ ಇಡೀ ಗರ್ಭಕೋಶಕ್ಕೆ ‘ನಾನಿದ್ದೇನೆ’ ಅಂತ ತಿಳಿಸಲೇಬೇಕು. ಹಸುವಿನ ಉದ್ದನೆಯ ಭ್ರೂಣ ಒಂದೇ ಕಡೆ ಚಾಚಿಕೊಂಡು, ಇಂಟರ್‌ಫೆರಾನ್ ಟೌ ಅನ್ನುವ ಸಂಕೇತ ಕಳಿಸಿ ಇದನ್ನು ಮಾಡುತ್ತದೆ. ದುಂಡಗಿನ ಕುದುರೆ ಭ್ರೂಣ ಮನೆ ಮನೆಗೂ ಹೋಗಿ ಸಲಾಂ ಹೇಳಿ ಬರಬೇಕು.

ಇದು ಬರೀ ಊಹೆಯಲ್ಲ. ಗರ್ಭಕೋಶದ ಒಂದು ಕೊಂಬನ್ನು ದಾರದಿಂದ ಕಟ್ಟಿ, ಭ್ರೂಣ ಒಂದೇ ಭಾಗದಲ್ಲಿ ಉಳಿಯುವಂತೆ ಮಾಡಿದ ಪ್ರಯೋಗಗಳು 1980ರ ದಶಕದಲ್ಲಿ ನಡೆದವು. ಭ್ರೂಣ ತಲುಪದ ಭಾಗ ತನ್ನ ಪಾಡಿಗೆ ತಾನು ಪ್ರೋಸ್ಟಾಗ್ಲಾಂಡಿನ್ ಬಿಟ್ಟು ಗರ್ಭವನ್ನು ಕೆಡಿಸಬಲ್ಲದು ಅಂತ ಅದರಿಂದ ತಿಳಿಯಿತು. ಸಂಚಾರ ನಿಂತರೆ ಗರ್ಭ ನಿಲ್ಲುವುದಿಲ್ಲ.

ಕವಚವೇ ಇಲ್ಲದಿದ್ದರೆ ಏನಾಗುತ್ತದೆ? ಇಂಗ್ಲೆಂಡಿನ ಟ್ವಿಂಕ್ ಅಲೆನ್, ಟಾಮ್ ಸ್ಟೌಟ್ ಮತ್ತು ಸಂಗಡಿಗರು ಆರೂವರೆ ದಿನದ ಆಸುಪಾಸಿನ ಭ್ರೂಣಗಳ ಕವಚವನ್ನು ಸೂಕ್ಷ್ಮ ಉಪಕರಣದಿಂದ ಬಿಡಿಸಿ, ಹೆಣ್ಣು ಕುದುರೆಗಳ ಗರ್ಭಕೋಶಕ್ಕೆ ಹಾಕಿ ನೋಡಿದರು. 2005ರಲ್ಲಿ ಪ್ರಕಟವಾದ ಅವರ ತೀರ್ಮಾನ: ಗರ್ಭದೊಳಗೆ ಭ್ರೂಣ ಬದುಕಲು ಕವಚ ಬೇಕೇ ಬೇಕು. ಇನ್ನೊಂದು ಸ್ವಾರಸ್ಯ ನೋಡಿ. ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕುದುರೆ ಭ್ರೂಣ ಕವಚದ ವಸ್ತುವನ್ನೇನೋ ಸ್ರವಿಸುತ್ತದೆ, ಆದರೆ ಅದು ಸರಿಯಾಗಿ ಕೂಡಿಕೊಂಡು ಪೂರ್ತಿ ಹೊದಿಕೆ ಆಗುವುದಿಲ್ಲ. ಅದೇ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಿದರೆ ಕವಚ ರೂಪುಗೊಳ್ಳುತ್ತದೆ. ನೂಲು ಭ್ರೂಣದ್ದು, ಆದರೆ ನೇಯುವುದಕ್ಕೆ ತಾಯಿಯ ಮನೆಯೇ ಬೇಕು.

ಗೋಡೆಯಲ್ಲ, ಜಾಲರಿ

ಕವಚ ಅಂದ ಕೂಡಲೇ ಕೋಟೆಯ ಗೋಡೆ ನೆನಪಾಗುತ್ತೆ. ಹಾಗೆ ತಿಳಿದರೆ ತಪ್ಪಾಗುತ್ತದೆ. ಕೋಟೆಯ ಗೋಡೆಯಾಗಿದ್ದರೆ ಒಳಗಿನ ಜೀವ ಹಸಿವಿನಿಂದಲೇ ಸಾಯುತ್ತಿತ್ತು. ಈ ಹಂತದಲ್ಲಿ ಹೊಕ್ಕುಳಬಳ್ಳಿ ಇಲ್ಲ, ಮಾಸು ಇಲ್ಲ. ಗರ್ಭಕೋಶದ ಗ್ರಂಥಿಗಳು ಸ್ರವಿಸುವ ರಸವೇ ಭ್ರೂಣಕ್ಕೆ ಊಟ. ಆ ಊಟ ಕವಚವನ್ನು ದಾಟಿಯೇ ಒಳಗೆ ಹೋಗಬೇಕು.

ತಾಯಿಯ ಗ್ರಂಥಿಗಳು ಯುಟೆರೋಕ್ಯಾಲಿನ್ ಅನ್ನುವ ಪ್ರೋಟೀನನ್ನು ಹೇರಳವಾಗಿ ಸ್ರವಿಸುತ್ತವೆ. ಇದು ಕೊಬ್ಬಿನ ಅಂಶಗಳನ್ನು ಹೊತ್ತು ತರುವ ಕೂಲಿಯಾಳು ಇದ್ದ ಹಾಗೆ. ಇದು ಕವಚಕ್ಕೆ ಬಂದು ಸೇರುತ್ತದೆ, ಅಲ್ಲಿಂದ ಒಳಗೂ ಹೋಗುತ್ತದೆ. ಬೆಳವಣಿಗೆಯನ್ನು ನಿಯಂತ್ರಿಸುವ ಬೇರೆ ಪ್ರೋಟೀನ್‌ಗಳೂ ಕವಚದಲ್ಲಿ ಬಂದು ಕೂಡುತ್ತವೆ. ಭ್ರೂಣ ಗರ್ಭಕೋಶ ಸುತ್ತುವಾಗ ಹೋದಲ್ಲೆಲ್ಲ ತಾಯಿಯ ಸ್ರಾವ ಅದರ ಕವಚಕ್ಕೆ ಹತ್ತಿಕೊಳ್ಳುತ್ತದೆ; ಭ್ರೂಣದ ಸಂಕೇತಗಳು ಕವಚದ ಮೂಲಕವೇ ತಾಯಿಗೆ ಮುಟ್ಟುತ್ತವೆ. ನಮ್ಮ ಹಳೆಯ ಮನೆಗಳ ಕಿಟಕಿಯ ಜಾಲರಿ ಗೊತ್ತಲ್ಲ? ಒಳಗಿನವರಿಗೆ ಮರೆ ಕೊಡುತ್ತದೆ, ಗಾಳಿ ಬೆಳಕು ಬಿಡುತ್ತದೆ, ಮಾತೂ ಕೇಳಿಸುತ್ತದೆ. ಕವಚ ಅಂಥದ್ದು.

ನಿಲ್ಲುವ ಹೊತ್ತು, ಕಳಚುವ ಹೊತ್ತು

16ನೇ ದಿನದ ಆಸುಪಾಸಿನಲ್ಲಿ ಸಂಚಾರ ಮುಗಿಯುತ್ತದೆ. ಭ್ರೂಣ ಯಾವುದಾದರೂ ಒಂದು ಕೊಂಬಿನ ಬುಡದಲ್ಲಿ, ಬಾಗಿದ ಜಾಗದಲ್ಲಿ ಸಿಕ್ಕಿ ನಿಲ್ಲುತ್ತದೆ. ಇದಕ್ಕೆ ಮೂರು ಕಾರಣಗಳು ಕೂಡಿ ಬರುತ್ತವೆ. ಭ್ರೂಣ ದೊಡ್ಡದಾಗಿದೆ. ಗರ್ಭಕೋಶದ ಗೋಡೆ ಬಿಗಿಯಾಗಿ, ದಪ್ಪವಾಗಿ, ದಾರಿ ಕಿರಿದಾಗಿದೆ. ಮೂರನೆಯದು, ಕವಚದ ಮೇಲ್ಮೈ ಬದಲಾಗಿದೆ: ಆಗ ಹೇಳಿದ ಸಿಯಾಲಿಕ್ ಆಮ್ಲ ಇದೇ ದಿನಗಳಲ್ಲಿ ಕವಚದಿಂದ ಬಹುಮಟ್ಟಿಗೆ ಕಳಚಿಹೋಗುತ್ತದೆ. 1993ರಲ್ಲಿ ಬೆಟರಿಡ್ಜ್ ಅವರ ಗುಂಪು ತೋರಿಸಿಕೊಟ್ಟ ವಿಷಯ ಇದು. ಜಾರುತ್ತಿದ್ದದ್ದು ಜಾರುವುದನ್ನು ಬಿಡುತ್ತದೆ.

ನಿಂತ ಮೇಲೂ ಕವಚ ಕೆಲವು ದಿನ ಇರುತ್ತದೆ. ಮೂರನೇ ವಾರದ ಕೊನೆಯ ಹೊತ್ತಿಗೆ ತೆಳ್ಳಗಾಗಿ, ಹರಿದು, ಕರಗಿ ಹೋಗುತ್ತದೆ. ಆಗ ಮೊದಲ ಬಾರಿಗೆ ಭ್ರೂಣದ ಹೊರಪದರ ತಾಯಿಯ ಗೋಡೆಯನ್ನು ನೇರವಾಗಿ ಮುಟ್ಟುತ್ತದೆ. ಕವಚ ಉಳಿದುಬಿಟ್ಟರೆ ಮಾಸು ಬೆಳೆಯಲು ಜಾಗವೇ ಇರುವುದಿಲ್ಲ. ಬೇಕಾದಾಗ ಇರುವುದು ಎಷ್ಟು ಮುಖ್ಯವೋ, ಹೊತ್ತಿಗೆ ಸರಿಯಾಗಿ ಹೋಗುವುದೂ ಅಷ್ಟೇ ಮುಖ್ಯ.

ಅವಳಿ ಬಂದರೆ?

ಈ ಓಡಾಟದ ಜ್ಞಾನ ನೇರವಾಗಿ ಉಪಯೋಗಕ್ಕೆ ಬಂದದ್ದು ಅವಳಿ ಗರ್ಭದ ವಿಷಯದಲ್ಲಿ. ನಮ್ಮಲ್ಲಿ ಅವಳಿ ಅಂದರೆ ಸಂತೋಷ, ಕುದುರೆಯಲ್ಲಿ ಅಪಾಯ. ಕುದುರೆಯ ಮಾಸು ಗರ್ಭಕೋಶದ ಇಡೀ ಒಳಗೋಡೆಯನ್ನು ಆವರಿಸಬೇಕು. ಇಬ್ಬರು ಹಂಚಿಕೊಂಡರೆ ಯಾರಿಗೂ ಸಾಲದು. ಹೆಚ್ಚಿನ ಅವಳಿ ಗರ್ಭಗಳು ಮಧ್ಯದಲ್ಲೇ ಹೋಗುತ್ತವೆ, ತಾಯಿಯ ಜೀವಕ್ಕೂ ತೊಂದರೆ. ಪಂದ್ಯದ ಥರೋಬ್ರೆಡ್ ತಳಿಯಲ್ಲಿ ಎರಡು ಅಂಡಾಣು ಬಿಡುವುದು ಹೆಚ್ಚು.

ಆದ್ದರಿಂದ ಪಶುವೈದ್ಯರು 14ರಿಂದ 16ನೇ ದಿನದೊಳಗೆ ಸ್ಕ್ಯಾನ್ ಮಾಡುತ್ತಾರೆ. ಎರಡು ಭ್ರೂಣ ಕಂಡರೆ, ಅವು ಇನ್ನೂ ಚಲಿಸುತ್ತಿರುವುದರಿಂದ ಒಂದನ್ನು ಇನ್ನೊಂದರಿಂದ ಮೆಲ್ಲಗೆ ದೂರ ಸರಿಸಿ, ಒತ್ತಿ ಒಡೆಯುತ್ತಾರೆ. ಇನ್ನೊಂದು ಉಳಿಯುತ್ತದೆ. ಓದಲು ಕಠಿಣ ಅನ್ನಿಸಬಹುದು, ಆದರೆ ಬಿಟ್ಟರೆ ಎರಡೂ ಹೋಗುವ ಸಂಭವ ಹೆಚ್ಚು. 16ನೇ ದಿನ ದಾಟಿ ಎರಡೂ ಒಂದೇ ಕಡೆ ಅಂಟಿ ಕೂತರೆ ಬೇರ್ಪಡಿಸುವುದು ಕಷ್ಟ. ಇನ್ನೂ ತಡ ಮಾಡಿ 36ನೇ ದಿನದ ಆಚೆ ಹೋದರೆ ಗರ್ಭಕೋಶದಲ್ಲಿ ಹಾರ್ಮೋನು ಸ್ರವಿಸುವ ಬಟ್ಟಲಿನಾಕಾರದ ಗಂಟುಗಳು ಎದ್ದಿರುತ್ತವೆ. ಆಗ ಗರ್ಭ ಹೋದರೂ ಕುದುರೆ ಬಹಳ ದಿನ ಸರಿಯಾಗಿ ಬೆದೆಗೆ ಬರುವುದಿಲ್ಲ. ಆ ವರ್ಷ ಮುಗಿದಂತೆಯೇ.

ಬಿಕಾನೇರಿನ ಮರಿ

ಮಲಕ್‌ಪೇಟ್‌ನಲ್ಲಿ ಓಡುವ ಥರೋಬ್ರೆಡ್‌ಗಳಿಗೆ ಕೃತಕ ಗರ್ಭಧಾರಣೆಯೂ ಇಲ್ಲ, ಭ್ರೂಣ ವರ್ಗಾವಣೆಯೂ ಇಲ್ಲ. ಆ ತಳಿಯ ವಂಶಾವಳಿ ಪುಸ್ತಕದ ನಿಯಮ ಅದನ್ನು ಒಪ್ಪುವುದಿಲ್ಲ. ಗಂಡು ಹೆಣ್ಣು ಕೂಡಿಯೇ ಮರಿ ಆಗಬೇಕು. ಆದರೆ ನಮ್ಮ ದೇಶಿ ತಳಿಗಳಿಗೆ ಅಂಥ ಕಟ್ಟುಪಾಡಿಲ್ಲ. ಅಲ್ಲಿ ಕವಚದ ವಿದ್ಯೆ ಕೆಲಸಕ್ಕೆ ಬಂತು.

ರಾಜಸ್ಥಾನದ ಬಿಕಾನೇರಿನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಶಾಖೆ ಇದೆ. ಅಲ್ಲಿಯ ವಿಜ್ಞಾನಿಗಳು ಒಂದು ಮಾರ್ವಾಡಿ ಹೆಣ್ಣು ಕುದುರೆಯ ಗರ್ಭಕೋಶವನ್ನು ತೊಳೆದು ಏಳೂವರೆ ದಿನದ ಬ್ಲಾಸ್ಟೋಸಿಸ್ಟ್ ತೆಗೆದರು, ಅದನ್ನು ಇನ್ನೊಂದು ಕುದುರೆಯ ಗರ್ಭಕೋಶದಲ್ಲಿಟ್ಟರು. 2023ರ ಮೇ 19ರಂದು 23 ಕಿಲೋ ತೂಕದ ಆರೋಗ್ಯವಂತ ಮರಿ ಹುಟ್ಟಿತು. ಹೆಸರು ರಾಜ್-ಪ್ರಥಮ್. ಜಪಾನಿನಲ್ಲಿ 1970ರ ದಶಕದಲ್ಲೇ ಕುದುರೆಯ ಭ್ರೂಣ ವರ್ಗಾವಣೆ ಶುರುವಾಗಿತ್ತು. ನಮ್ಮ ದೇಶದ ಸಂಸ್ಥೆ ಮಾರ್ವಾಡಿಯಲ್ಲಿ ಅದನ್ನು ಸಾಧಿಸಿತು. ಬದಲಿ ತಾಯಿ ಹೊರುವುದರಿಂದ ಒಳ್ಳೆಯ ತಳಿಯ ಒಂದೇ ಕುದುರೆಯಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಮರಿ ಪಡೆಯಬಹುದು.

ಏಳೂವರೆ ದಿನ ಅನ್ನುವುದನ್ನು ಗಮನಿಸಿದಿರಾ? ಆರನೇ ದಿನಕ್ಕಿಂತ ಮೊದಲು ತೊಳೆದರೆ ಭ್ರೂಣ ಗರ್ಭಕೋಶದಲ್ಲಿ ಇರುವುದೇ ಇಲ್ಲ, ಇನ್ನೂ ಅಂಡನಾಳದಲ್ಲಿರುತ್ತದೆ. ತಡವಾದರೆ ದೊಡ್ಡದಾಗಿ ಕೈಗೆ ಹಾಳಾಗುತ್ತದೆ. ಏಳೆಂಟು ದಿನದ ಭ್ರೂಣ ಕವಚ ತೊಟ್ಟಿರುವುದರಿಂದ ಪ್ರಯಾಣಕ್ಕೆ ತಯಾರಿರುತ್ತದೆ.

ಆದರೆ ಇದೇ ಕವಚ ಇನ್ನೊಂದು ಕಡೆ ಅಡ್ಡ ಬರುತ್ತದೆ. ಭ್ರೂಣವನ್ನು ವರ್ಷಗಟ್ಟಲೆ ಕಾಪಾಡಬೇಕಾದರೆ ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಡಬೇಕು. ಅದಕ್ಕೂ ಮೊದಲು ಒಳಗಿನ ನೀರಿನ ಜಾಗಕ್ಕೆ ಶೀತರಕ್ಷಕ ದ್ರಾವಣ ಹೋಗಬೇಕು, ಇಲ್ಲದಿದ್ದರೆ ಮಂಜಿನ ಹರಳು ಕೋಶಗಳನ್ನು ಸೀಳುತ್ತದೆ. ಏಳೂವರೆ ದಿನದ ಭ್ರೂಣದ ಹೊಟ್ಟೆಯಲ್ಲಿ ನೀರು ಬಹಳ, ಮೇಲೆ ಕವಚ ದ್ರಾವಣವನ್ನು ತಡೆಯುತ್ತದೆ. ಅಗಲ 0.3 ಮಿಲಿಮೀಟರ್ ದಾಟಿದ ಭ್ರೂಣಗಳು ಹೆಪ್ಪುಗಟ್ಟಿಸಿದರೆ ಉಳಿಯುವುದು ಕಡಿಮೆ. ಅದಕ್ಕಿಂತ ಚಿಕ್ಕದು ಬೇಕೆಂದರೆ ಅದು ಗರ್ಭಕೋಶಕ್ಕೆ ಬಂದ ಕೆಲವೇ ಗಂಟೆಗಳಲ್ಲಿ ಹಿಡಿಯಬೇಕು.

ಇದಕ್ಕೆ ದಾರಿ ಕಂಡದ್ದು 2011ರ ಹೊತ್ತಿಗೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಕ್ಯಾಟ್ರಿನ್ ಹಿನ್ರಿಕ್ಸ್ ಅವರ ಗುಂಪು ಅತಿ ಸಣ್ಣ ಸೂಜಿಯಿಂದ ಕವಚಕ್ಕೆ ಒಂದು ತೂತು ಮಾಡಿ, ಒಳಗಿನ ನೀರನ್ನು ಹೀರಿ ತೆಗೆದು, ಆಮೇಲೆ ಹೆಪ್ಪುಗಟ್ಟಿಸಿತು. ಕರಗಿಸಿ ಗರ್ಭಕೋಶಕ್ಕೆ ಹಾಕಿದಾಗ ಗರ್ಭ ನಿಂತಿತು. ಕವಚವನ್ನು ಪೂರ್ತಿ ತೆಗೆದರೆ ಸಾವು, ಒಂದು ಸೂಜಿ ತೂತು ಮಾಡಿದರೆ ಬದುಕು. ಎಷ್ಟು ತೆಗೆಯಬಹುದು, ಎಷ್ಟು ಬಿಡಬೇಕು ಅನ್ನುವ ಲೆಕ್ಕ ಸಿಕ್ಕಿದ್ದು ಕವಚವನ್ನು ದಶಕಗಟ್ಟಲೆ ಕೂತು ಓದಿದ್ದರಿಂದ.

ನಮ್ಮ ಪಕ್ಕದ ಭೀಮಾ ನದಿಯ ಬಯಲಿಗೂ ಈ ವಿದ್ಯೆ ಬೇಕಾಗಿದೆ. ಮಹಾರಾಷ್ಟ್ರದ ಭೀಮಥಡಿ ಕುದುರೆಯನ್ನು, ಅಂದರೆ ನಮ್ಮ ಹಿರಿಯರು ದಖ್ಖನಿ ಕುದುರೆ ಅನ್ನುತ್ತಿದ್ದದ್ದನ್ನು, ಇತ್ತೀಚೆಗಷ್ಟೇ ಪ್ರತ್ಯೇಕ ತಳಿ ಎಂದು ನೋಂದಾಯಿಸಲಾಗಿದೆ. ಹೆಸರು ಸಿಕ್ಕಿದರೆ ಸಾಲದು, ಮರಿಗಳೂ ಉಳಿಯಬೇಕು.

ನಿಮಗೆ ಎರಡು ಮಾತು

ನೀವು ಮದುವೆ ಮೆರವಣಿಗೆಗೋ ಟಾಂಗಾಕ್ಕೋ ಹೆಣ್ಣು ಕುದುರೆ ಸಾಕುವ ಮನೆಯವರಾಗಿದ್ದರೆ: ಕೂಡಿಸಿದ ದಿನವನ್ನು ಬರೆದಿಡಿ. 14ರಿಂದ 16 ದಿನದೊಳಗೆ ಸ್ಕ್ಯಾನ್ ಮಾಡಿಸಿ, ತಿಂಗಳ ಹೊತ್ತಿಗೆ ಹೃದಯ ಬಡಿತ ನೋಡಲು ಇನ್ನೊಮ್ಮೆ ಮಾಡಿಸಿ. ಬೆದೆ ತರಿಸುವ ಪ್ರೋಸ್ಟಾಗ್ಲಾಂಡಿನ್ ಇಂಜೆಕ್ಷನ್ ಅನ್ನು ಯಾರದೋ ಮಾತು ಕೇಳಿ ಕೊಡಿಸಬೇಡಿ. ಭ್ರೂಣ ಇಡೀ ಗರ್ಭಕೋಶ ಸುತ್ತಿ ಉಳಿಸಿಕೊಂಡ ಗಂಟನ್ನು ಆ ಒಂದು ಸೂಜಿ ಕರಗಿಸಿಬಿಡುತ್ತದೆ.

ನೀವು ವಿದ್ಯಾರ್ಥಿಯಾಗಿದ್ದರೆ: ಪರೀಕ್ಷೆಗೆ ಮನುಷ್ಯನ ಪಾಠ ಓದಿ, ಓದಲೇಬೇಕು. ಆದರೆ ಅದೊಂದೇ ಎಲ್ಲ ಜೀವಿಗಳ ಪಾಠ ಅಂದುಕೊಳ್ಳಬೇಡಿ. ಮನುಷ್ಯನ ಭ್ರೂಣ ಬೇಗ ಬೇರು ಬಿಟ್ಟು ಬದುಕುತ್ತದೆ, ಹಸುವಿನದು ಉದ್ದಕ್ಕೆ ಚಾಚಿ ಬದುಕುತ್ತದೆ, ಕುದುರೆಯದು ಕವಚ ತೊಟ್ಟು ತಿರುಗಿ ಬದುಕುತ್ತದೆ. ಮೊಲದ ಭ್ರೂಣಕ್ಕೂ ತನ್ನದೇ ಬೇರೆ ಹೊದಿಕೆಗಳಿವೆ. ಎಮ್ಮೆ, ಒಂಟೆ, ಕತ್ತೆ, ಇವುಗಳ ಬಗ್ಗೆ ಓದಿ ಹೇಳುವವರು ನಮ್ಮಲ್ಲಿ ಇನ್ನೂ ಬೇಕಾಗಿದ್ದಾರೆ. ಎಂಬಿಬಿಎಸ್ ಸೀಟು ಸಿಗಲಿಲ್ಲ ಅಂತ ಬೀದರ್‌ನ ಪಶುವೈದ್ಯಕೀಯ ಕಾಲೇಜಿಗೆ ಹೋಗುವುದನ್ನು ಸೋಲು ಅಂತ ಎಣಿಸುವ ಮನೆಗಳಿವೆ. ಒಂದು ಕಾಲಕ್ಕೆ ಸಲೋತ್ರಿಗಳ ವಿದ್ಯೆ ಬೆಳೆದ ನೆಲ ಅದು. ಅವರಿಗೆ ಕಾಣದೆ ಹೋದ ಮೂರು ವಾರ ನಿಮಗೆ ಸ್ಕ್ರೀನಿನ ಮೇಲೆ ಕಾಣುತ್ತದೆ.